ಕಡಲ ಮೇಲಿಂದ ಹೊರಡುವ ರೈಲು

ಈ ದಡದಡ ಸದ್ದು ಕೇಳಿಸುತ್ತಿದೆಯಾ? ಪಕ್ಕದಲ್ಲಿ ಮರದ ಹಲಗೆಗಳ ಮೇಲೆ ಕಾರುಗಳು ಹೋಗುತ್ತಿವೆ. ಹಲಗೆಗಳ ಸಂದಿಯಲ್ಲಿ ಇಣುಕಿದರೆ ಕೆಳಗೆ ಸಮುದ್ರ. ಇದು ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪ. ಸ್ಟೇಷನ್ ಹೆಸರು ರೈಡ್ ಪಿಯರ್ ಹೆಡ್. ಪಿಯರ್ ಅಂದರೆ ದಡದಿಂದ ಸಮುದ್ರದೊಳಕ್ಕೆ ಸೇತುವೆಯಂತೆ ಚಾಚಿದ ಕಟ್ಟೆ. ಪೋರ್ಟ್ಸ್‌ಮತ್‌ನಿಂದ ಬೋಟಿನಲ್ಲಿ ಬಂದೆ, ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಪ್ಲಾಟ್‌ಫಾರ್ಮ್.

ಸ್ಟೇಷನ್ನನ್ನು ಸಮುದ್ರದ ಮೇಲೆ ಯಾಕೆ ಕಟ್ಟಿದರು? ಇಳಿತದ ಹೊತ್ತಿಗೆ ಇಲ್ಲಿ ನೀರು ತುಂಬಾ ದೂರ ಹಿಂದೆ ಸರಿಯುತ್ತದೆ, ಬರೀ ಮರಳು ಉಳಿಯುತ್ತದೆ. ಹಿಂದೆ ದೋಣಿ ಇಳಿದವರನ್ನು ಆಳುಗಳು ಬೆನ್ನ ಮೇಲೆ ಹೊತ್ತು ತರುತ್ತಿದ್ದರಂತೆ. 1814ರಲ್ಲಿ ಪಿಯರ್ ಕಟ್ಟಿದರು. ಆಮೇಲೆ ಅದರ ಪಕ್ಕ ಕುದುರೆ ಎಳೆಯುವ ಟ್ರಾಮ್. 1880ರಲ್ಲಿ ರೈಲೇ ಬೋಟಿನ ಬಾಗಿಲಿಗೆ ಬಂತು.

ಹೊರಟೆವು. ಎರಡೇ ಬೋಗಿ. ಎರಡೂ ಕಡೆ ನೀರು, ಆಮೇಲೆ ರೈಡ್ ಪೇಟೆ, ತಕ್ಷಣ ಕತ್ತಲು. ಈ ಸುರಂಗವೇ ನನಗೆ ತುಂಬಾ ಇಷ್ಟವಾದ ಕಥೆ. ಒಳಗೆ ನೀರು ನುಗ್ಗುತ್ತಿತ್ತು ಅಂತ ಹಳಿಯನ್ನು ಎತ್ತರಿಸಿದರು. ಮೊದಲೇ ತಗ್ಗಾಗಿದ್ದ ಸುರಂಗ ಇನ್ನೂ ತಗ್ಗಾಯಿತು. ಮಾಮೂಲಿ ಎತ್ತರದ ರೈಲು ಇಲ್ಲಿ ಹಿಡಿಸುವುದಿಲ್ಲ. 1966ರ ಡಿಸೆಂಬರ್ 31ಕ್ಕೆ ಉಗಿಬಂಡಿ ನಿಂತಾಗ ಏನು ಮಾಡುವುದು? ಲಂಡನ್ನಿನ ನೆಲದಡಿಯ ಸುರಂಗಗಳಲ್ಲಿ ಓಡಿ ಹಳತಾದ ಕುಳ್ಳ ರೈಲುಗಳನ್ನು ತಂದರು! ಅವು ಮುಗಿದ ಮೇಲೆ 1938ರ ಮಾದರಿಯವು. ಅವು 2021ರ ಜನವರಿವರೆಗೆ ಓಡಿದವು. ಈಗ ನಾನು ಕೂತಿರುವುದೂ ಲಂಡನ್ನಿನ ಡಿಸ್ಟ್ರಿಕ್ಟ್ ಲೈನಿನಲ್ಲಿ ಓಡುತ್ತಿದ್ದ ಗಾಡಿಯೇ, ಹೊಸದಾಗಿ ಸಜ್ಜು ಮಾಡಿದ್ದಾರೆ. ಇಷ್ಟು ಜೋಪಾನವಾಗಿ ಬಳಸುವುದನ್ನು ನೋಡಿದರೆ ಖುಷಿಯಾಗುತ್ತದೆ, ಅಲ್ವಾ?

ಒಂದು ಕಾಲಕ್ಕೆ ದ್ವೀಪದ ತುಂಬಾ ಸುಮಾರು 90 ಕಿಲೋಮೀಟರ್ ಹಳಿ ಇತ್ತು. 1950, 60ರ ದಶಕಗಳಲ್ಲಿ ಒಂದೊಂದೇ ಮುಚ್ಚಿದರು. ಉಳಿದದ್ದು ಈ 14 ಕಿಲೋಮೀಟರ್ ಕೂಡ ತುಂಬದ ಲೈನು.

ಉಳಿದದ್ದಾದರೂ ಬೋಟಿಗೆ ಹೊಂದಬೇಕಲ್ಲ? ದಾರಿಯ ಹೆಚ್ಚಿನ ಭಾಗ ಒಂಟಿ ಹಳಿ, ಎದುರುಬದುರು ಗಾಡಿಗಳು ದಾಟಿಕೊಳ್ಳುವ ಜಾಗ ಸರಿಯಾಗಿರಲಿಲ್ಲ. ಹಾಗಾಗಿ ಒಂದು ರೈಲು ಹೋಗಿ 20 ನಿಮಿಷಕ್ಕೆ ಇನ್ನೊಂದು, ಅದಾದ ಮೇಲೆ 40 ನಿಮಿಷ ಕಾಯಬೇಕು. ಬೋಟು ಅರ್ಧ ಗಂಟೆಗೊಂದು ಬಂದರೂ ರೈಲು ಸಿಗದೆ ಜನ ಒದ್ದಾಡುತ್ತಿದ್ದರು. 2021ರಲ್ಲಿ ಬ್ರೇಡಿಂಗ್ ಸ್ಟೇಷನ್ನಿನಲ್ಲಿ ಎರಡನೇ ಹಳಿಯನ್ನು ಮತ್ತೆ ಹಾಕಿದರು. ನೋಡಿ, ಇದೇ ಆ ಹಳಿ. ಇಷ್ಟುದ್ದದ ಕಬ್ಬಿಣದಿಂದ ಅರ್ಧ ಗಂಟೆಗೊಂದು ರೈಲು ಬಿಡೋಕೆ ದಾರಿಯಾಯಿತು.

ಸ್ಯಾಂಡೌನ್, ಲೇಕ್ ಆಯಿತು, ಈಗ ಶಾಂಕ್ಲಿನ್. ಇಲ್ಲಿಗೆ ಹಳಿ ಮುಗಿಯಿತು. ಮೊದಲು ಗುಡ್ಡದೊಳಗೆ ಸುರಂಗ ಹಾದು ವೆಂಟ್ನರ್‌ವರೆಗೆ ಹೋಗುತ್ತಿತ್ತು, 1966ರಲ್ಲಿ ಅದೂ ನಿಂತಿತು. ಆ ಊರಿಗೆ ಹೋಗುವವರು ಬ್ಯಾಗು ಎತ್ತಿಕೊಂಡು ಬಸ್ಸಿನ ಕಡೆ ನಡೆಯುತ್ತಿದ್ದಾರೆ. ನಾನೂ ಅವರ ಹಿಂದೆ ಹೊರಟೆ.