ಮುಚ್ಚಳದ ಮೇಲೊಂದು ಒಲೆ

ಕೇಳುಗರೇ, ನಮಸ್ಕಾರ.

ಬಯಲಿನಲ್ಲಿ ಡಚ್ ಓವನ್ ಎಂಬ ಮುಚ್ಚಳದ ಪಾತ್ರೆ ಇಟ್ಟು ಅಡುಗೆ ಮಾಡುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಕೆಂಡವನ್ನೆಲ್ಲ ತಳಕ್ಕೇ ತಳ್ಳಿಬಿಡುತ್ತಾರೆ. ಬ್ರೆಡ್ಡಿನ ಅಡಿ ಸೀದು ಕರಿಕಲಾಗುತ್ತದೆ, ನೆತ್ತಿ ಹಸಿಹಿಟ್ಟಾಗಿಯೇ ಉಳಿಯುತ್ತದೆ. ಎರಕದ ಕಬ್ಬಿಣದ ಈ ಪಾತ್ರೆಗೆ ಮೂರು ಕಾಲು ಇರುವುದು ಅಡಿಗೆ ಕೆಂಡ ಸರಿಸಲು. ಚಪ್ಪಟೆ ಮುಚ್ಚಳ, ಅದರ ಸುತ್ತ ಎದ್ದುನಿಂತ ಅಂಚು ಇರುವುದು ಮೇಲೂ ಕೆಂಡ ಹೊರಿಸಲು.

ಎಷ್ಟು ಕೆಂಡ? ಪಾತ್ರೆಯ ಅಗಲ ಎಷ್ಟು ಇಂಚೋ ಅದರ ಎರಡರಷ್ಟು ಇದ್ದಿಲಿನ ಬಿಲ್ಲೆ ಹಾಕಿದರೆ ಒಳಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಕಾವು ಸಿಗುತ್ತದೆ. 12 ಇಂಚಿನ ಪಾತ್ರೆಗೆ 24. ಬ್ರೆಡ್ಡಿಗೋ ಕೇಕಿಗೋ ಆದರೆ ಮೇಲೆ 16, ಕೆಳಗೆ 8. ಕುದಿಯಬೇಕಾದದ್ದಕ್ಕೆ ಕೆಳಗಿನ ಪಾಲು ಹೆಚ್ಚು. ಹುರಿಯುವುದಕ್ಕೆ ಎಲ್ಲವೂ ಕೆಳಗೇ. ಇದು ಅಚ್ಚಿನಲ್ಲಿ ಒತ್ತಿದ ಬಿಲ್ಲೆಯ ಲೆಕ್ಕ. ಮರದ ಇದ್ದಿಲಿನ ತುಂಡು ಒಂದು ದಪ್ಪ, ಒಂದು ಸಣ್ಣ. ಅದನ್ನು ಎಣಿಸಿ ಫಲವಿಲ್ಲ.

ಬಿಲ್ಲೆ ಹೊತ್ತಿಸಿ ಹದಿನೈದಿಪ್ಪತ್ತು ನಿಮಿಷ ಕಾಯಿರಿ. ಮೈಮೇಲೆ ಬೂದಿಬಣ್ಣ ಹರಡಿದ ಮೇಲಷ್ಟೇ ಬಳಸಿ. ಕೆಳಗಿನವನ್ನು ಅಂಚಿನ ಒಳಸುತ್ತಿಗೆ ಬಳೆಯಂತೆ ಜೋಡಿಸಿ, ನಟ್ಟನಡುವೆ ಒಂದೂ ಬೇಡ, ಸೀಯುವುದು ಅಲ್ಲಿಂದಲೇ ಶುರು. ಒದ್ದೆ ನೆಲ ಕಾವು ಹೀರುತ್ತದೆ, ಅಡಿಗೊಂದು ತಗಡಿರಲಿ. ಗಾಳಿ ಬೀಸುವ ಕಡೆಯ ಬಿಲ್ಲೆಗಳು ಬೇಗ ಉರಿದು ಆ ಮಗ್ಗುಲನ್ನೇ ಸುಡುತ್ತವೆ. ಅದಕ್ಕೆ ಗಾಳಿಗೆ ಮರೆ ಕಟ್ಟಿ, ಪ್ರತಿ 10-15 ನಿಮಿಷಕ್ಕೊಮ್ಮೆ ಪಾತ್ರೆಯನ್ನು ಕಾಲು ಸುತ್ತು ಒಂದು ದಿಕ್ಕಿಗೆ, ಮುಚ್ಚಳವನ್ನು ಕಾಲು ಸುತ್ತು ಇನ್ನೊಂದು ದಿಕ್ಕಿಗೆ ತಿರುಗಿಸಿ. ಮುಕ್ಕಾಲು ಗಂಟೆ ದಾಟುವ ಅಡುಗೆಯಾದರೆ ಎರಡನೇ ಕಂತಿನ ಬಿಲ್ಲೆಗಳನ್ನು ಮೊದಲೇ ಹೊತ್ತಿಸಿಡಬೇಕು. ಕಾವು ಇಳಿದ ಮೇಲೆ ಹೊತ್ತಿಸಲು ಹೋದರೆ ಉಬ್ಬಿದ ಹಿಟ್ಟು ಕುಸಿಯುತ್ತದೆ.

ಆಗಾಗ ಇಣುಕುವ ಚಪಲ ಬೇಡ, ತೆರೆದಷ್ಟು ಸಲವೂ ಕಾವು ಹಾರಿಹೋಗುತ್ತದೆ. ತೆಗೆಯಲೇಬೇಕಾದಾಗ ಕೊಕ್ಕೆಯನ್ನು ಮುಚ್ಚಳದ ಹಿಡಿಗೆ ಸಿಕ್ಕಿಸಿ ನೇರವಾಗಿ ಮೇಲಕ್ಕೆತ್ತಿ, ಆಮೇಲೆ ಪಕ್ಕಕ್ಕೆ ಸರಿಸಿ. ಕೊಂಚ ಓರೆಯಾದರೂ ಬೂದಿಯೆಲ್ಲ ಅಡುಗೆಗೆ. ಬೆಂದದ್ದರ ಘಮ ಹೊರಗೆ ಬರತೊಡಗಿತೆಂದರೆ ಗಡಿಯಾರ ಏನೇ ಹೇಳಲಿ, ಒಮ್ಮೆ ನೋಡಿ.

ಮಳೆ ಬಂತೆಂದು ಇದ್ದಿಲನ್ನು ಡೇರೆಯೊಳಗೆ ಒಯ್ಯಲೇಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಕಾದ ಪಾತ್ರೆಗೆ ತಣ್ಣೀರು ಸುರಿದರೆ ಕಬ್ಬಿಣ ಬಿರುಕುಬಿಡುತ್ತದೆ. ತಾನಾಗಿ ಆರಿದ ಮೇಲೆ ಬಿಸಿನೀರಿನಲ್ಲಿ ಉಜ್ಜಿ, ಒಲೆಯ ಮೇಲಿಟ್ಟು ಪಸೆ ಆರಿಸಿ, ಎಣ್ಣೆಯನ್ನು ತೆಳುವಾಗಿ ಸವರಿ. ಎತ್ತಿಡುವಾಗ ಮುಚ್ಚಳದ ಸಂದಿಗೆ ಮಡಚಿದ ಕಾಗದದ ಚೂರೊಂದನ್ನು ಸಿಕ್ಕಿಸಿ, ಒಳಗೆ ಗಾಳಿಯಾಡಿದರೆ ತುಕ್ಕೂ ಹಿಡಿಯದು, ಎಣ್ಣೆಯೂ ಕಮಟದು. ನಮಸ್ಕಾರ.