ಹೊಲಿಗೆ ಮಷಿನ್ ಹೊಟ್ಟೆಯಲ್ಲಿ ಏನಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ ಹತ್ತಿರ ಬಂತೆಂದರೆ ಕಲಬುರಗಿಯ ಟೇಲರ್‌ಗಳಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಶಾಲೆ ಶುರುವಾಗುವ ಹೊತ್ತು. ಕಪಡಾ ಬಜಾರ್‌ನಿಂದ ಥಾನುಗಟ್ಟಲೆ ಯೂನಿಫಾರ್ಮ್ ಬಟ್ಟೆ ಹೊರಬೀಳುತ್ತದೆ. ಓಣಿ ಓಣಿಯಲ್ಲಿ ಮಷಿನ್ ಸದ್ದು. ನಾವು ಅಳತೆ ಕೊಡುತ್ತೇವೆ, ಯಾವಾಗ ಕೊಡ್ತೀರಿ ಅಂತ ಕೇಳುತ್ತೇವೆ, ಬಂದುಬಿಡುತ್ತೇವೆ. ಆ ಕಪ್ಪು ಮಷಿನ್ನಿನ ಒಳಗೆ ಏನು ನಡೆಯುತ್ತಿದೆ ಅಂತ ಇಣುಕುವವರು ಕಡಿಮೆ. ಇವತ್ತು ಸ್ವಲ್ಪ ಇಣುಕೋಣ.

ಟೇಲರ್ ಪೆಡಲ್ ತುಳಿಯುತ್ತಾರೆ. ಕೆಳಗಿನ ದೊಡ್ಡ ಗಾಲಿ ತಿರುಗುತ್ತದೆ. ಪಟ್ಟಾ ಮೇಲಿನ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರಕ್ಕೆ ಸೇರಿದ ಒಂದು ಉದ್ದನೆ ಶಾಫ್ಟ್ ಮಷಿನ್ನಿನ ತೋಳಿನೊಳಗೆ ಈ ತುದಿಯಿಂದ ಆ ತುದಿವರೆಗೆ ಹೋಗಿರುತ್ತದೆ. ಅಂದರೆ ಮಷಿನ್‌ಗೆ ನಾವು ಕೊಡುವುದು ಒಂದೇ ಚಲನೆ, ಗರಗರ ತಿರುಗುವುದು. ಆದರೆ ಅದರಿಂದ ನಮಗೆ ಬೇಕಾದ ಕೆಲಸ ಒಂದಲ್ಲ. ಸೂಜಿ ನೇರ ಕೆಳಗಿಳಿದು ಮೇಲೇಳಬೇಕು. ದಾರ ಎಳೆಯುವ ಲಿವರ್ ಬೇರೆಯದೇ ತಾಳದಲ್ಲಿ ಆಡಬೇಕು. ಕೆಳಗೆ ಶಟಲ್, ಅಂದರೆ ಮೇಲಿನ ದಾರವನ್ನು ಹಿಡಿಯುವ ಕೊಕ್ಕೆಯಂಥ ಭಾಗ, ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ಹೋಗಿ ವಾಪಸ್ ಬರಬೇಕು. ಬಟ್ಟೆಯ ಅಡಿಯಲ್ಲಿರುವ ಹಲ್ಲುಗಳು ಎದ್ದು, ಬಟ್ಟೆ ತಳ್ಳಿ, ಮುಳುಗಿ, ಹಿಂದೆ ಬರಬೇಕು. ಇದೆಲ್ಲ ಚಕ್ರ ಒಂದು ಸುತ್ತು ಮುಗಿಸುವುದರೊಳಗೆ ಆಗಬೇಕು.

ಸೂಜಿಯ ಕೆಲಸ ಸುಲಭ. ಶಾಫ್ಟ್ ತುದಿಯಲ್ಲಿ ಒಂದು ಕ್ರ್ಯಾಂಕ್, ಅಂದರೆ ನಡುವಿನಿಂದ ಪಕ್ಕಕ್ಕೆ ಕೂತ ಗೂಟ, ಅದಕ್ಕೊಂದು ಚಿಕ್ಕ ಕೊಂಡಿ, ಅಷ್ಟೇ. ಆದರೆ ಕ್ರ್ಯಾಂಕ್‌ಗೆ ಒಂದು ಮಿತಿ ಇದೆ. ಅದು ಹೋಗುವ ಹಾಗೆಯೇ ಬರುತ್ತದೆ. ನಿಧಾನವಾಗಿ ಇಳಿ, ಸ್ವಲ್ಪ ನಿಲ್ಲು, ಆಮೇಲೆ ಪಟ್ಟನೆ ಏರು ಅಂತ ಕ್ರ್ಯಾಂಕ್‌ಗೆ ಹೇಳಲಾಗದು. ಹಾಗೆ ಹೇಳಬೇಕಾದಲ್ಲಿ ಕ್ಯಾಮ್ ಬೇಕು. ಶಾಫ್ಟ್ ಜೊತೆ ತಿರುಗುವ ಒಂದು ಲೋಹದ ತುಂಡು. ಅದರ ಅಂಚು ಪೂರ್ತಿ ದುಂಡಗಿರುವುದಿಲ್ಲ, ಇಲ್ಲವೇ ಅದರ ಮೈಮೇಲೆ ಅಂಕುಡೊಂಕಾದ ಕಾಲುವೆ ಕೊರೆದಿರುತ್ತಾರೆ. ಅದಕ್ಕೆ ತಾಗಿ ಓಡುವ ಭಾಗ ಅಂಚು ಹೇಗಿದೆಯೋ ಹಾಗೆ ಏಳುತ್ತದೆ, ಬೀಳುತ್ತದೆ, ನಿಲ್ಲುತ್ತದೆ.

ನಿಮ್ಮ ಮನೆಯಲ್ಲಿ ಹಳೆಯ ಕಪ್ಪು ಮಷಿನ್ ಇದ್ದರೆ ಒಂದು ಕೆಲಸ ಮಾಡಿ. ಸೂಜಿಯ ಕಡೆ, ಎಡಗಡೆ ಮುಖಕ್ಕೆ, ಒಂದು ತಗಡಿನ ಮುಚ್ಚಳ ಇರುತ್ತದೆ. ಸ್ಕ್ರೂ ಬಿಚ್ಚಿ ಅದನ್ನು ತೆಗೆಯಿರಿ. ಚಕ್ರವನ್ನು ಕೈಯಿಂದ ಮೆಲ್ಲಗೆ ನಿಮ್ಮ ಕಡೆಗೆ ತಿರುಗಿಸಿ. ಶಾಫ್ಟ್ ತುದಿಯಲ್ಲಿ ಗುಂಡನೆಯ ಉರುಳೆ ಕಾಣುತ್ತದೆ. ಅದರ ಸುತ್ತ ವಾರೆಯಾಗಿ ಒಂದು ಕಾಲುವೆ. ಆ ಕಾಲುವೆಯೊಳಗೆ ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಉಕ್ಕಿನ ರೋಲರ್ ಓಡುತ್ತಿರುತ್ತದೆ. ಆ ರೋಲರ್ ದಾರ ಎಳೆಯುವ ಲಿವರ್‌ಗೆ ಸೇರಿದ್ದು.

ಈಗ ಲಿವರ್ ಮೇಲೆ ಕಣ್ಣಿಡಿ. ಸೂಜಿ ಇಳಿಯುವಾಗ ಲಿವರ್ ಕೂಡ ಇಳಿಯುತ್ತದೆ, ದಾರ ಬಿಡುತ್ತದೆ. ಸೂಜಿ ತಳ ಮುಟ್ಟಿ ಎರಡು ಮಿಲಿಮೀಟರಿನಷ್ಟು ಮೇಲೆದ್ದಾಗ ಅದರ ಕಣ್ಣಿನ ಹತ್ತಿರ ದಾರ ಸಣ್ಣ ಉಂಗುರವಾಗಿ ಉಬ್ಬುತ್ತದೆ. ಶಟಲ್‌ನ ಚೂಪು ಮೂಗು ಆ ಉಂಗುರವನ್ನು ಹಿಡಿಯುತ್ತದೆ. ಇಲ್ಲಿ ನೋಡಿ ಮಜಾ. ಸೂಜಿ ಮೇಲೆ ಹೋಗುತ್ತಿದೆ, ಆದರೆ ಲಿವರ್ ಇನ್ನೂ ಕೆಳಗೇ ಹೋಗುತ್ತಿದೆ. ಯಾಕೆ? ಆ ಉಂಗುರ ಕೆಳಗಿನ ದಾರ ಇರುವ ಡಬ್ಬಿಯನ್ನು, ಅಂದರೆ ಇಡೀ ಬಾಬಿನ್ ಕೇಸನ್ನು ಸುತ್ತಿ ಬರಬೇಕು, ಅದಕ್ಕೆ ಬಹಳ ದಾರ ಬೇಕು. ಸುತ್ತಿ ಬಂದ ಕೂಡಲೇ ಲಿವರ್ ಸರ್ರನೆ ಮೇಲೇರಿ ಹೆಚ್ಚಾದ ದಾರವನ್ನೆಲ್ಲ ವಾಪಸ್ ಎಳೆದುಕೊಳ್ಳುತ್ತದೆ. ಕೊನೆಗೆ ಬಟ್ಟೆಯಲ್ಲಿ ಉಳಿಯುವುದು ಕೆಲವೇ ಮಿಲಿಮೀಟರ್. ನಿಧಾನಕ್ಕೆ ಕೊಡು, ಬೇಗ ಕಿತ್ತುಕೋ. ಈ ಲೆಕ್ಕವೆಲ್ಲ ಆ ಕಾಲುವೆಯ ಓರೆಯಲ್ಲಿ ಬರೆದಿಟ್ಟಿದೆ. ರೋಲರ್ ಸವೆದು ಕಾಲುವೆಯಲ್ಲಿ ಅಲ್ಲಾಡತೊಡಗಿದರೆ ಟಕ್ ಟಕ್ ಸದ್ದು ಶುರುವಾಗುತ್ತದೆ. ದಾರ ಸಮಯಕ್ಕೆ ಮೇಲೆ ಬರುವುದಿಲ್ಲ, ಬಟ್ಟೆಯ ಅಡಿಯಲ್ಲಿ ಗುಂಜು ಬೀಳುತ್ತದೆ. ಟೆನ್ಷನ್ ಸ್ಕ್ರೂ ಎಷ್ಟು ತಿರುವಿದರೂ ಅದು ಪೂರ್ತಿ ಹೋಗುವುದಿಲ್ಲ.

ಹಳೆಯ ಸಿಂಗರ್‌ನ ಕೆಲವು ಮಾದರಿಗಳಲ್ಲಿ ಸೂಜಿಯ ಸಲಾಕೆಗೂ ಹೃದಯದಾಕಾರದ ಕ್ಯಾಮ್ ಇತ್ತು. ಬಾಬಿನ್ ಸುತ್ತುವ ಕಡೆಯೂ ಇನ್ನೊಂದು ಚಿಕ್ಕ ಹೃದಯ. ದಾರವನ್ನು ಒಂದೇ ವೇಗದಲ್ಲಿ ಅತ್ತ ಇತ್ತ ಒಯ್ದು, ಉದ್ದನೆ ಬಾಬಿನ್ ಮೇಲೆ ಸಮನಾಗಿ ಸುತ್ತುವುದು ಅದರ ಕೆಲಸ. ನೋಡಲು ಬಹಳ ಚೆಂದ. ಈಗ ನಮ್ಮ ಕಡೆ ಅಪರೂಪ.

ಇನ್ನು ಹಲ್ಲುಗಳ ವಿಷಯ. ನನ್ನನ್ನು ಕೇಳಿದರೆ ಹೊಲಿಗೆ ಮಷಿನ್ನಿನ ನಿಜವಾದ ಜಾಣತನ ಇರುವುದು ಸೂಜಿಯಲ್ಲಿ ಅಲ್ಲ, ಇಲ್ಲಿ. ಅಮೆರಿಕದ ಎಲಿಯಾಸ್ ಹೌ 1846ರಲ್ಲಿ ಪೇಟೆಂಟ್ ಪಡೆದ ಮಷಿನ್‌ನಲ್ಲಿ ಬಟ್ಟೆಯನ್ನು ಮುಳ್ಳುಗಳಿರುವ ಒಂದು ಪಟ್ಟಿಗೆ ಸಿಕ್ಕಿಸಬೇಕಿತ್ತು. ಪಟ್ಟಿ ಮುಗಿದರೆ ಹೊಲಿಗೆಯೂ ನಿಂತಿತು. ಬಟ್ಟೆ ಬಿಚ್ಚಿ, ಮತ್ತೆ ಸಿಕ್ಕಿಸಿ, ಮತ್ತೆ ಶುರು. ತಿರುವಿರುವ ಹೊಲಿಗೆ ಅಂತೂ ಆಗದ ಮಾತು. ಇದಕ್ಕೆ ಪರಿಹಾರ ಕೊಟ್ಟವನು ಆಲೆನ್ ವಿಲ್ಸನ್. 1854ರಲ್ಲಿ ಅವನು ನಾಲ್ಕು ಚಲನೆಯ ಹಲ್ಲುಪಟ್ಟಿಗೆ ಪೇಟೆಂಟ್ ಪಡೆದ. ಏಳು, ಮುಂದೆ ತಳ್ಳು, ಮುಳುಗು, ಹಿಂದೆ ಬಾ. ಇವತ್ತಿನ ಮಷಿನ್‌ಗಳೂ ಅದನ್ನೇ ಮಾಡುತ್ತವೆ.

ಏಳುವ ಬೀಳುವ ಚಲನೆ ಒಂದು ದಾರಿಯಿಂದ ಬರುತ್ತದೆ, ತಳ್ಳುವ ಚಲನೆ ಇನ್ನೊಂದು ದಾರಿಯಿಂದ. ತಳ್ಳುವ ದಾರಿಯಲ್ಲಿ ಒಂದು ಪ್ರಶ್ನೆ ಇದೆ. ಶಾಫ್ಟ್ ಮೇಲೆ ಕೂತಿರುವ ಕ್ಯಾಮ್ ಒಂದೇ. ಅದರ ಅಚ್ಚು ನಡುವಿಗಿಲ್ಲ, ಸ್ವಲ್ಪ ಪಕ್ಕಕ್ಕಿದೆ. ಆ ಪಕ್ಕದ ದೂರ ಬದಲಾಗುವುದಿಲ್ಲ. ಹಾಗಿದ್ದರೆ ಹೊಲಿಗೆಯ ಉದ್ದ ಬದಲಿಸುವ ಲಿವರ್ ಸರಿಸಿದ ಕೂಡಲೇ ಟಾಕಿ, ಅಂದರೆ ಒಂದೊಂದು ಹೊಲಿಗೆ, ಸಣ್ಣದಾಗುವುದು, ದೊಡ್ಡದಾಗುವುದು, ಹಿಂದಕ್ಕೂ ಹೋಗುವುದು ಹೇಗೆ?

ಕ್ಯಾಮ್ ಅನ್ನು ಒಂದು ಕವೆಗೋಲು ಅಪ್ಪಿಕೊಂಡಿರುತ್ತದೆ. ಕ್ಯಾಮ್ ತಿರುಗಿದಂತೆ ಕವೆ ಅತ್ತ ಇತ್ತ ತೂಗುತ್ತದೆ. ಕವೆಯ ಮೈಗೆ ಒಂದು ಚೌಕದ ಬ್ಲಾಕ್ ಸೇರಿದೆ. ಅದು ನೇರವಾಗಿ ಕೊರೆದ ಒಂದು ಹಾದಿಯಲ್ಲಿ ಜಾರುತ್ತದೆ. ಟಾಕಿಯ ಲಿವರ್ ಮುಟ್ಟುವುದು ಕ್ಯಾಮ್ ಅನ್ನು ಅಲ್ಲ, ಈ ಹಾದಿಯನ್ನು. ಅದನ್ನು ಓರೆ ಮಾಡುತ್ತದೆ. ಸಮ ನೆಲದ ಮೇಲೆ ಹತ್ತು ಹೆಜ್ಜೆ ನಡೆದರೆ ನೀವು ಮೇಲೂ ಹೋಗುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ಅದೇ ಹತ್ತು ಹೆಜ್ಜೆಯನ್ನು ದಿಬ್ಬದ ಮೇಲೆ ಇಟ್ಟರೆ ಏರುತ್ತೀರಿ. ದಿಬ್ಬ ಕಡಿದಾದಷ್ಟೂ ಜಾಸ್ತಿ ಏರುತ್ತೀರಿ. ಬ್ಲಾಕ್‌ನದೂ ಅದೇ ಕಥೆ. ಹಾದಿ ಮಟ್ಟಸವಾಗಿದ್ದರೆ ಅದು ಸುಮ್ನೆ ಅತ್ತ ಇತ್ತ ಜಾರುತ್ತದೆ, ಹಲ್ಲು ಬಟ್ಟೆಯನ್ನು ತಳ್ಳುವುದಿಲ್ಲ. ಹಾದಿ ಓರೆಯಾದರೆ ಬ್ಲಾಕ್ ಕವೆಯನ್ನು ಮೇಲೆ ಕೆಳಗೆ ಎಳೆಯುತ್ತದೆ. ಆ ಎಳೆತ ಕೆಳಗಿನ ಶಾಫ್ಟ್ ಅನ್ನು ತೂಗಿಸಿ ಹಲ್ಲುಗಳನ್ನು ತಳ್ಳುತ್ತದೆ. ಓರೆ ಎದುರು ದಿಕ್ಕಿಗಾದರೆ ಬಟ್ಟೆ ವಾಪಸ್ ಬರುತ್ತದೆ. ಚಕ್ರ ಮಾತ್ರ ಅದೇ ದಿಕ್ಕಿಗೆ, ಅದೇ ವೇಗಕ್ಕೆ ತಿರುಗುತ್ತಲೇ ಇರುತ್ತದೆ. ಕೌದಿಯಂಥ ದಪ್ಪ ಬಟ್ಟೆಗೆ ಉದ್ದ ಟಾಕಿ, ಕುಬಸದ ತೆಳು ಬಟ್ಟೆಗೆ ಸಣ್ಣ ಟಾಕಿ, ಹೊಲಿಗೆಯ ಕೊನೆಗೆ ಗಟ್ಟಿ ಆಗಲಿ ಅಂತ ಎರಡು ಮೂರು ಹಿಂದಿನ ಟಾಕಿ. ಎಲ್ಲಕ್ಕೂ ಆ ಒಂದು ಓರೆಯೇ.

ಉಷಾ ಇರಲಿ, ಲೂಧಿಯಾನದಿಂದ ಬರುವ ಮಷಿನ್ ಇರಲಿ, ನಮ್ಮ ಕಪ್ಪು ಮಷಿನ್‌ಗಳಲ್ಲಿ ಬಹುಪಾಲು ಸಿಂಗರ್‌ನ 15ನೇ ವರ್ಗದ ಮಾದರಿಯ ವಂಶದವು. ಹಾಗಾಗಿ ಬಿಡಿಭಾಗ ಸಿಗುತ್ತವೆ, ರಿಪೇರಿ ಮಾಡುವವರೂ ಸಿಗುತ್ತಾರೆ. ರಿಪೇರಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ:

“ಚಾಚಾ, ಮುಂದ ಹೊಲದ್ರ ಟಾಕಿ ಸಣ್ಣ ಬೀಳ್ತಾವ, ಹಿಂದ ಹೊಲದ್ರ ದೊಡ್ಡ ಬೀಳ್ತಾವ. ಹಲ್ಲು ಬದಲ ಮಾಡ್ಬೇಕೇನ್ರೀ?”

“ಹಲ್ಲಿಂದೇನೂ ತಪ್ಪಿಲ್ಲವ್ವ. ಮ್ಯಾಲಿನ ಬ್ಲಾಕ್ ಸವದದ ನೋಡು. ಬಿಟ್ಟು ಹೋಗು, ಸಂಜಿಗಿ ಬಾ.”

ಚಾಚಾ ಹೇಳಿದ್ದು ಸರಿ. ಬ್ಲಾಕ್ ಸವೆದರೆ ಹಾದಿಯೊಳಗೆ ಸಡಿಲ ಬರುತ್ತದೆ. ಕ್ಯಾಮ್‌ನ ಚಲನೆಯಲ್ಲಿ ಒಂದಿಷ್ಟು ಆ ಸಡಿಲದಲ್ಲೇ ಕಳೆದುಹೋಗುತ್ತದೆ. ಹಲ್ಲು ಬಟ್ಟೆ ತಳ್ಳದ ಸೊನ್ನೆಯ ಜಾಗವೂ ಆಚೆ ಈಚೆ ಆಗಿರುತ್ತದೆ.

ಕಾರ್ಖಾನೆಯ ಮಷಿನ್‌ಗಳಲ್ಲಿ ಇನ್ನೊಂದು ಹೊಂದಾಣಿಕೆ ಇದೆ. 2023ರಲ್ಲಿ ಕಲಬುರಗಿಗೆ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಣೆಯಾದ ಮೇಲೆ ಮಷಿನ್ ಮೆಕ್ಯಾನಿಕ್ ಆಗಬೇಕು ಅನ್ನುವ ಹುಡುಗ ಹುಡುಗಿಯರು ಇದನ್ನು ಕಲಿತಿಟ್ಟುಕೊಂಡರೆ ಒಳ್ಳೆಯದು. ಅಲ್ಲಿ ತಳ್ಳುವ ಕ್ಯಾಮ್ ಅನ್ನು ಶಾಫ್ಟ್‌ಗೆ ಎರಡು ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಸ್ಕ್ರೂ ಸಡಿಲಿಸಿ ಕ್ಯಾಮ್ ಅನ್ನು ಕೊಂಚ ತಿರುವಬಹುದು. ಇದರಿಂದ ಟಾಕಿಯ ಉದ್ದ ಬದಲಾಗುವುದಿಲ್ಲ, ಬಟ್ಟೆ ತಳ್ಳುವ ಗಳಿಗೆ ಬದಲಾಗುತ್ತದೆ. ಸಾಮಾನ್ಯ ಹೊಂದಾಣಿಕೆ ಹೀಗೆ: ಹಲ್ಲು ಇಳಿದು, ಬಟ್ಟೆ ಕೂರುವ ಪ್ಲೇಟಿನ ಮಟ್ಟಕ್ಕೆ ಬರುವಾಗ ಸೂಜಿಯ ಕಣ್ಣಿನ ಮೇಲಂಚೂ ಅದೇ ಮಟ್ಟದಲ್ಲಿರಬೇಕು. ಬಟ್ಟೆ ಎರಡು ಪದರ ಏರುಪೇರಾಗಿ ಸರಿಯುತ್ತಿದ್ದರೆ ತಳ್ಳುವುದನ್ನು ಸ್ವಲ್ಪ ಮುಂಚೆ ಮಾಡುತ್ತಾರೆ. ಹೊಲಿಗೆ ಇನ್ನೂ ಬಿಗಿ ಬೇಕಿದ್ದರೆ ಸ್ವಲ್ಪ ತಡ ಮಾಡುತ್ತಾರೆ. ಅತಿ ಮಾಡಿದರೆ ಸೂಜಿ ಬಟ್ಟೆಯೊಳಗೆ ಇರುವಾಗಲೇ ಹಲ್ಲು ತಳ್ಳುತ್ತದೆ, ಸೂಜಿ ಮುರಿಯುತ್ತದೆ.

ಅಂದ ಹಾಗೆ, ಆ ವೇಗದ ಮಷಿನ್‌ಗಳಲ್ಲಿ ದಾರ ಎಳೆಯಲು ರೋಲರ್ ಮತ್ತು ಕಾಲುವೆ ಇರುವುದಿಲ್ಲ. ನಿಮಿಷಕ್ಕೆ 4000, 5000 ಟಾಕಿಯ ವೇಗಕ್ಕೆ ರೋಲರ್ ತಡೆಯದು. ಕಾಲುವೆಯ ಗೋಡೆಗೆ ಬಡಿದು ಬಡಿದು ಸವೆದುಹೋಗುತ್ತದೆ. ಅಲ್ಲಿ ಕೊಂಡಿಗಳ ಜೋಡಣೆಯೇ ಹೆಚ್ಚುಕಡಿಮೆ ಅಂಥದೇ ತಾಳ ಕೊಡುತ್ತದೆ.

ಇನ್ನು ಸೀರೆ ಅಂಗಡಿಗಳ ಪಕ್ಕದಲ್ಲೇ ಇರುವ ಪಿಕೋ ಫಾಲ್‌ನವರ ಕಡೆ ಬರೋಣ. ಅವರ ಮಷಿನ್ ಜಿಗ್‌ಜ್ಯಾಗ್. ಸೂಜಿ ಮೇಲೆ ಕೆಳಗೆ ಹೋಗುವುದರ ಜೊತೆಗೆ ಎಡಕ್ಕೆ ಬಲಕ್ಕೆ ಕೂಡ ಹೋಗುತ್ತದೆ. ಇಂಥ ಮಷಿನ್‌ಗೆ 1873ರಲ್ಲಿ ಪೇಟೆಂಟ್ ಪಡೆದವರು ಹೆಲೆನ್ ಬ್ಲಾಂಚರ್ಡ್ ಅನ್ನುವ ಅಮೆರಿಕದ ಮಹಿಳೆ. ಇಲ್ಲಿ ಒಂದು ಶರತ್ತಿದೆ. ಸೂಜಿ ಬಟ್ಟೆಯೊಳಗೆ ಇರುವಾಗ ಪಕ್ಕಕ್ಕೆ ಸರಿಯಬಾರದು. ಸರಿದರೆ ಬಟ್ಟೆ ಎಳೆಯುತ್ತದೆ, ಇಲ್ಲವೇ ಸೂಜಿ ಬಾಗುತ್ತದೆ. ಹೊರಗೆ ಬಂದಾಗ ಮಾತ್ರ ಸರಿಯಬೇಕು. ಅದಕ್ಕೆ ಅನೇಕ ಮಷಿನ್‌ಗಳಲ್ಲಿ ಮೂಲೆಗಳು ದುಂಡಗಾದ ಮುಕ್ಕೋನದಂಥ ಕ್ಯಾಮ್ ಇರುತ್ತದೆ. ಅದರ ವಿಶೇಷ ಏನೆಂದರೆ, ಯಾವ ದಿಕ್ಕಿನಿಂದ ಅಳೆದರೂ ಅಗಲ ಒಂದೇ. ಹಾಗಾಗಿ ಕವೆಯ ಎರಡು ಗೋಡೆಗಳ ನಡುವೆ ಅದು ಸಡಿಲವೂ ಆಗದೆ, ಸಿಕ್ಕಿಯೂ ಬೀಳದೆ ತಿರುಗುತ್ತದೆ. ಕವೆ ಒಮ್ಮೆ ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸರಿಯುತ್ತದೆ, ನಿಲ್ಲುತ್ತದೆ. ಆ ನಿಲ್ಲುವ ಹೊತ್ತಿನಲ್ಲೇ ಸೂಜಿ ಬಟ್ಟೆಯೊಳಗೆ ಹೋಗಿ ಬರುತ್ತದೆ. ಎಡಕ್ಕೊಂದು ಬಲಕ್ಕೊಂದು, ಎರಡು ಟಾಕಿಗೆ ಈ ಕ್ಯಾಮ್ ಒಂದು ಸುತ್ತು. ಅಂದರೆ ಮುಖ್ಯ ಶಾಫ್ಟ್‌ನ ಅರ್ಧ ವೇಗ. ಅದಕ್ಕಾಗಿಯೇ ನಡುವೆ ಗಿಯರ್ ಇಟ್ಟಿರುತ್ತಾರೆ.

ಅಗಲ ಹೆಚ್ಚು ಕಡಿಮೆ ಮಾಡುವುದು ಹೇಗೆ? ಮತ್ತೆ ಅದೇ ಓರೆ ಹಾದಿ, ಅದೇ ಬ್ಲಾಕ್. ಕಸೂತಿ ಮಾಡುವ ಮಷಿನ್‌ನಲ್ಲಿ ಈ ಓರೆಯನ್ನು ಮೊಣಕಾಲಿನ ಲಿವರ್‌ಗೆ ಕೊಟ್ಟಿದ್ದಾರೆ. ಎರಡೂ ಕೈ ಬಟ್ಟೆಯ ಚೌಕಟ್ಟಿನ ಮೇಲೆ, ಪಾದ ಪೆಡಲ್ ಮೇಲೆ, ಮೊಣಕಾಲು ಟಾಕಿಯ ಅಗಲ ಬದಲಿಸುತ್ತಿರುತ್ತದೆ. ಎಲೆಯ ತುದಿಯಲ್ಲಿ ಸಣ್ಣಗೆ ಶುರುವಾಗಿ, ನಡುವೆ ಅಗಲವಾಗಿ, ಮತ್ತೆ ಸಣ್ಣಗಾಗುವ ಹೊಲಿಗೆ ಹಾಗೆ ಬರುತ್ತದೆ. ರವಿಕೆಯ ತೋಳಿನ ಮೇಲಿನ ಬಳ್ಳಿ ನೋಡಿ ಡಿಸೈನ್ ಚೆನ್ನಾಗಿದೆ ಅನ್ನುತ್ತೀರಲ್ವಾ, ಅದರಲ್ಲಿ ಕೈಯಷ್ಟೇ ಪಾಲು ಆ ಮೊಣಕಾಲಿನದು.

ಈಗಿನ ಎಲೆಕ್ಟ್ರಾನಿಕ್ ಮಷಿನ್‌ಗಳಲ್ಲಿ ಸೂಜಿ ಸರಿಸುವುದಕ್ಕೆ, ಬಟ್ಟೆ ತಳ್ಳುವುದಕ್ಕೆ ಚಿಕ್ಕ ಚಿಕ್ಕ ಮೋಟರ್ ಬಂದಿವೆ. ನೂರಾರು ಡಿಸೈನ್ ಒಳಗೇ ಇರುತ್ತವೆ. ಒಳ್ಳೆಯದೇ. ಆದರೆ ಬೋರ್ಡ್ ಕೆಟ್ಟರೆ ಚಾಚಾನ ಅಂಗಡಿಯಲ್ಲಿ ಸಂಜೆಯೊಳಗೆ ರಿಪೇರಿ ಆಗುವುದು ಕಷ್ಟ. ದಿನಾ ಹೊಲಿದು ಹೊಟ್ಟೆ ಹೊರೆಯುವವರಿಗೆ ಕ್ಯಾಮ್ ಇರುವ ಕಬ್ಬಿಣದ ಮಷಿನ್ ಇನ್ನೂ ಲೇಸು ಅನ್ನುವುದು ನನ್ನ ಅಭಿಪ್ರಾಯ.

ಅದಕ್ಕೆ ಬೇಕಾಗಿರುವುದು ಎಣ್ಣೆ. ಮಷಿನ್ ಎಣ್ಣೆಯನ್ನೇ ಹಾಕಿ, ಅಡುಗೆಮನೆ ಎಣ್ಣೆ ಬೇಡ. ಕೊಬ್ಬರಿ ಎಣ್ಣೆ ನಮ್ಮ ಮೇ ತಿಂಗಳ ಬಿಸಿಲಲ್ಲಿ ನೀರಿನ ಹಾಗೆ ಇರುತ್ತದೆ, ಡಿಸೆಂಬರ್ ಬೆಳಗ್ಗೆ ಗಟ್ಟಿಯಾಗಿ ಕೂರುತ್ತದೆ. ಕುಸುಬಿ ಎಣ್ಣೆ ಇನ್ನೂ ಕೆಟ್ಟದ್ದು. ಅಡುಗೆಗೆ ಬಹಳ ಒಳ್ಳೆಯದು, ಆದರೆ ಗಾಳಿಗೆ ಒಣಗಿ ಪದರ ಕಟ್ಟುವ ಗುಣ ಅದಕ್ಕಿದೆ. ಬಣ್ಣ, ವಾರ್ನಿಷ್ ಮಾಡಲು ಬಳಸುವುದೂ ಆ ಗುಣಕ್ಕಾಗಿಯೇ. ಕಾಲುವೆಯೊಳಗೆ ಆ ಪದರ ಕಟ್ಟಿದರೆ ಪೆಡಲ್ ಭಾರವಾಗುತ್ತದೆ. ಹಾಗೆ ಆಗಿದ್ದರೆ ಸೀಮೆಎಣ್ಣೆ ಹಾಕಿ ಚಕ್ರ ತಿರುಗಿಸಿ, ಜಿಡ್ಡು ಇಳಿದ ಮೇಲೆ ಒರೆಸಿ, ಆಮೇಲೆ ಹೊಸ ಎಣ್ಣೆ ಬಿಡಿ. ದಾರ ಎಳೆಯುವ ಲಿವರ್‌ನ ರೋಲರ್‌ಗೆ ಒಂದು ಹನಿ, ಕವೆ ಕ್ಯಾಮ್ ಅಪ್ಪಿರುವ ಜಾಗಕ್ಕೆ ಒಂದು ಹನಿ, ಬ್ಲಾಕ್‌ಗೆ ಒಂದು ಹನಿ. ಸೂಜಿ ಸಲಾಕೆಗೆ ಹಾಕುವವರು ಈ ಮೂರನ್ನು ಮರೆಯುತ್ತಾರೆ.

ಹಳೆಯ ಮಷಿನ್ ಕೊಳ್ಳುವ ವಿಚಾರ ಇದ್ದರೆ ಒಂದು ಬಿಳಿ ಹಾಳೆ ಜೇಬಿನಲ್ಲಿ ಒಯ್ಯಿರಿ. ಸೂಜಿಗೆ ದಾರ ಬೇಡ. ಹಾಳೆಯನ್ನು ಮಷಿನ್ನಿನ ಬಟ್ಟೆ ಒತ್ತುವ ಪಾದದ ಕೆಳಗೆ ಇಟ್ಟು, ಪಾದ ಇಳಿಸಿ, ಟಾಕಿಯ ಲಿವರ್ ಸೊನ್ನೆಗೆ ತಂದು ಚಕ್ರವನ್ನು ಕೈಯಿಂದ ತಿರುಗಿಸಿ. ಎಷ್ಟು ಸಲ ಚುಚ್ಚಿದರೂ ತೂತು ಒಂದೇ ಇರಬೇಕು. ಆಮೇಲೆ ಲಿವರ್ ಪೂರ್ತಿ ಕೆಳಗಿಳಿಸಿ ಹತ್ತು ಟಾಕಿ ಮುಂದೆ, ಪೂರ್ತಿ ಮೇಲೆತ್ತಿ ಹತ್ತು ಟಾಕಿ ಹಿಂದೆ. ವಾಪಸ್ ಬರುವಾಗ ಸೂಜಿ ಹೋದ ತೂತುಗಳಲ್ಲೇ ಬೀಳಬೇಕು. ಕೂದಲೆಳೆ ಆಚೆ ಈಚೆ ಆದರೆ ಪರವಾಗಿಲ್ಲ, ಸರಿಮಾಡಿಸಬಹುದು. ಎರಡು ಸಾಲು ಬೇರೆ ಬೇರೆ ಬಿದ್ದಿದ್ದರೆ ಹಾಳೆಯನ್ನು ಮಾರುವವರ ಮುಂದೆ ಹಿಡಿದು ರೇಟು ಇಳಿಸಿ.

ನಮಸ್ಕಾರ.