ಸೊಂಟಕ್ಕೆ ನೆರಿಗೆ ಬೇಡ: ಮಧ್ಯಯುಗದ ಗೌನ್ ಹೊಲಿದೆ

ಈ ನೀಲಿ ಗೌನ್ ನನ್ನ ಎರಡನೇದು. ಮೊದಲನೇದು ಬೀರು ಮೇಲೆ ಬಿದ್ದಿದೆ, ಅದನ್ನ ತೋರಿಸೋಕೆ ನಾಚಿಕೆ! ದಪ್ಪ ಉಣ್ಣೆ ಬಟ್ಟೆಗೆ ಸೊಂಟದ ಸುತ್ತ ನೆರಿಗೆ ಹಿಡಿದಿದ್ದೆ. ಹಾಕಿಕೊಂಡರೆ ದಿಂಬು ಕಟ್ಟಿಕೊಂಡ ಹಾಗೆ ಕಾಣುತ್ತಿತ್ತು.

ಆಮೇಲೆ ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್ ಬಟ್ಟೆಗಳ ಚಿತ್ರ ನೋಡಿದೆ. ಅದು ಸ್ಕ್ಯಾಂಡಿನೇವಿಯಾ ಮೂಲದ ಹಳೇ ನಾರ್ಸ್ ಜನರ ಸ್ಮಶಾನ. 1921ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞ ಪೌಲ್ ನೋರ್ಲುಂಡ್ ಅಗೆಸಿದಾಗ, ಹೆಪ್ಪುಗಟ್ಟಿದ ಮಣ್ಣಲ್ಲಿ ಉಣ್ಣೆಯ ಗೌನುಗಳು ಸಿಕ್ಕವು. ಎಷ್ಟೋ ಹೆಣಗಳಿಗೆ ಪೆಟ್ಟಿಗೆಯ ಬದಲು ಬಟ್ಟೆಯನ್ನೇ ಸುತ್ತಿ ಹೂತಿದ್ದರು.

ಆ ಗೌನುಗಳಿಗೆ ಸೊಂಟದಲ್ಲಿ ಜೋಡಣೆಯೇ ಇಲ್ಲ. ಭುಜದಿಂದ ಕಾಲಿನವರೆಗೆ ಒಂದೇ ಬಟ್ಟೆ. ಮುಂದೆ, ಹಿಂದೆ, ಪಕ್ಕಗಳಲ್ಲಿ ತ್ರಿಕೋನದ ತುಂಡುಗಳು. ಭಾರವೆಲ್ಲ ಭುಜಕ್ಕೆ, ಸೊಂಟ ಆರಾಮ. ನಾವು ಸೀರೆ ಒಳಗೆ ಹಾಕೋ ಆರು ಪೀಸಿನ ಲಂಗದಲ್ಲೂ ಅಗಲ ಬರೋದು ಹೀಗೇ ಅಲ್ವಾ?

ಈಗ ಕತ್ತರಿಸೋದು ನೋಡಿ. 80 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತುಂಡನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದೆ. ಒಂದು ಭಾಗ ಮಗುಚಿ, ಉದ್ದದ ನೇರ ಅಂಚುಗಳನ್ನು ಸೇರಿಸಿದರೆ ತ್ರಿಕೋನ ರೆಡಿ. ಎರಡೂ ಮುಖ ಒಂದೇ ಥರ ಇರೋ ಬಟ್ಟೆಯಾದ್ರೆ ಮಾತ್ರ! ಇಂಥ ನಾಲ್ಕು ಬೇಕು. ನನ್ನ 110 ಸೆಂ.ಮೀ. ಸುತ್ತಳತೆಗೆ ಕೆಳಗೆ ಇನ್ನೂ 240 ಸೇರುತ್ತದೆ, ಹೊಲಿಗೆಗೆ ಹೋಗೋದು ಬಿಟ್ಟು.

ಓರೆಯಾಗಿ ಕತ್ತರಿಸಿದ ಕ್ರಾಸ್ ಅಂಚು ಎಳೆದರೆ ಹಿಗ್ಗುತ್ತದೆ. ಅದಕ್ಕೇ ಅದನ್ನು ಗೌನಿನ ನೇರ ಅಂಚಿಗೆ ಕೂರಿಸೋದು, ನೇರದ್ದು ಹಿಡಿದುಕೊಳ್ಳುತ್ತದೆ. ಓರೆ ಅಂಚು ಸುಮಾರು 85 ಸೆಂ.ಮೀ. ಬರುವುದರಿಂದ ಕೆಳಗೆ ಮೂಲೆಗಳು ಇಳಿಬೀಳುತ್ತವೆ. ದುಂಡಗೆ ಕತ್ತರಿಸಿಬಿಡಿ.

ಕಷ್ಟ ಇರೋದು ತ್ರಿಕೋನದ ಮೇಲಿನ ಚೂಪು ತುದಿಯಲ್ಲಿ. ಮೆಷಿನ್‌ನಲ್ಲಿ ಮೂರು ಸಲ ಸುಕ್ಕಾಯ್ತು, ಮೂರು ಸಲ ಬಿಚ್ಚಿದೆ. ಕೊನೆಗೆ ಕೊನೆಯ ಎರಡು ಇಂಚನ್ನು ಕೈಯಲ್ಲೇ ಸಣ್ಣ ಸಣ್ಣ ಹೊಲಿಗೆ ಹಾಕಿದೆ. ಒಂದೇ ಸಲಕ್ಕೆ ಕೂತಿತು.

ಅಂಚು ಮಡಚೋಕೆ ಅವಸರ ಬೇಡ. ಎರಡು ರಾತ್ರಿ ಹ್ಯಾಂಗರ್‌ನಲ್ಲಿ ತೂಗುಹಾಕಿ, ಇಳಿಯೋದೆಲ್ಲ ಇಳಿಯಲಿ. ಆಮೇಲೆ ನಾನು ಸ್ಟೂಲ್ ಮೇಲೆ ನಿಂತೆ, ಅಮ್ಮ ಸ್ಕೇಲ್ ಹಿಡಿದು ಸುತ್ತಲೂ ಸೀಮೆಸುಣ್ಣದ ಗುರುತು ಹಾಕಿದರು. ಪಕ್ಕದಲ್ಲಿ ಎರಡು ಬೆರಳು ಜಾಸ್ತಿ ಇಳಿದಿತ್ತು. "ಅಲ್ಲಾಡಬೇಡ ಕಣೇ!" ಅಂತ ಬೈದಿದ್ದು ರೆಕಾರ್ಡ್ ಆಗಿದೆ, ಕೇಳಿ.